ಹೆರಿಗೆ ಮನೆಯಲ್ಲಿ, ತಯಾರಿ ಆಸ್ಪತ್ರೆಗೂ

ಎರಡನೇ ಮಗುವನ್ನು ಮನೆಯಲ್ಲೇ ಹೆರೋಣ ಅಂದುಕೊಂಡಾಗ ನನ್ನ ತಲೆಯಲ್ಲಿದ್ದ ತಯಾರಿ ಇಷ್ಟೇ: ಮಂದ ಬೆಳಕು, ಒಂದಷ್ಟು ದಿಂಬು, ಇಷ್ಟದ ಹಾಡು. 36ನೇ ವಾರದಲ್ಲಿ ಸೂಲಗಿತ್ತಿ ಮನೆ ನೋಡಲು ಬಂದರು. ತರಬೇತಿ ಪಡೆದು, ಬಹಳ ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವವರು. ಬಂದವರು ಒಳಗೆ ಕಾಲಿಡಲೇ ಇಲ್ಲ. ಆಂಬುಲೆನ್ಸ್ ಬಾಗಿಲ ತನಕ ಬರುತ್ತಾ, ರಾತ್ರಿ ಇಲ್ಲಿ ಲೈಟ್ ಇರುತ್ತಾ, ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ಹಿಡಿಸುತ್ತಾ ಅಂತ ನೋಡುತ್ತಾ ನಿಂತರು.

“ಕೋಣೆ ತೋರಿಸ್ತೀನಿ ಬನ್ನಿ” ಅಂದೆ.

“ಕೋಣೆ ಎಲ್ಲಿ ಹೋಗುತ್ತೆ? ಮೊದಲು ಹೊರಗೆ ಹೋಗೋ ದಾರಿ ನೋಡ್ಕೊಳ್ಳೋಣ” ಅಂದರು.

ಆ ದಿನವಿಡೀ ಅವರ ಮಾತು ಹೀಗೇ ಇತ್ತು. ಸ್ವಲ್ಪ ಬೇಜಾರಾಯಿತು, ನಿಜ. ಮನೆ ಹೆರಿಗೆ ಮಾಡಿಸುವವರು ಮಾತೆತ್ತಿದರೆ ಆಸ್ಪತ್ರೆ ಅಂದರೆ ಹೇಗೆ?

ಒಳಗೆ ಬಂದ ಮೇಲೆ ಬಿಪಿ ನೋಡಿದರು, ಹೊಟ್ಟೆ ಮುಟ್ಟಿ ಮಗುವಿನ ತಲೆ ಕೆಳಗಿದೆ ಅಂತ ಖಚಿತ ಮಾಡಿಕೊಂಡರು. ಒಂದೇ ಮಗು, ತಲೆ ಕೆಳಗೆ, ಬಿಪಿ ಸರಿ, ಮೊದಲ ಹೆರಿಗೆ ತೊಂದರೆಯಿಲ್ಲದೆ ಆಗಿದೆ. ಇಷ್ಟೂ ಇದ್ದಿದ್ದರಿಂದಲೇ ಅವರು ಒಪ್ಪಿದ್ದು. ನೋವು 37 ವಾರ ತುಂಬುವ ಮೊದಲೇ ಶುರುವಾದರೆ ನೇರ ಆಸ್ಪತ್ರೆಗೆ, ಆಮೇಲೆ ನನಗೆ ಫೋನ್ ಮಾಡಿ ಅಂದರು.

ಅಮ್ಮ ಅಷ್ಟು ಹೊತ್ತು ಮೂಲೆಯಲ್ಲಿ ಸುಮ್ಮನೆ ಕೂತಿದ್ದರು. ಅವರಿಗೆ ಇದು ಒಂಚೂರೂ ಇಷ್ಟವಿರಲಿಲ್ಲ. “ಏನಾದ್ರೂ ಹೆಚ್ಚುಕಮ್ಮಿ ಆದ್ರೆ?” ಅಂತ ಕೇಳಿಯೇ ಬಿಟ್ಟರು. ‘ಏನೂ ಆಗಲ್ಲ ಬಿಡಿ’ ಅಂತ ಸಮಾಧಾನ ಮಾಡುತ್ತಾರೆ ಅಂದುಕೊಂಡೆ. ಸೂಲಗಿತ್ತಿ ಹಾಗೆ ಹೇಳಲಿಲ್ಲ. ಇಂಗ್ಲೆಂಡಿನಲ್ಲಿ 2011ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಲೆಕ್ಕ ಹೇಳಿದರು. ಮನೆಯಲ್ಲಿ ಹೆರಲು ಹೊರಟ ಚೊಚ್ಚಲ ಬಸುರಿಯರಲ್ಲಿ ನೂರಕ್ಕೆ 45 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಗಿ ಬಂದಿತ್ತಂತೆ. ಮೊದಲೇ ಹೆತ್ತವರಲ್ಲಿ ನೂರಕ್ಕೆ 12. ಚೊಚ್ಚಲ ಹೆರಿಗೆಯಲ್ಲಿ ಮಗುವಿಗೆ ಅಪಾಯವೂ ಮನೆಯಲ್ಲಿ ಸ್ವಲ್ಪ ಜಾಸ್ತಿ ಕಂಡಿತ್ತು. ಎರಡನೇದಕ್ಕೆ ಆ ವ್ಯತ್ಯಾಸ ಕಾಣಲಿಲ್ಲ. “ಅದೂ ನುರಿತವರು ಜೊತೆಗಿದ್ದು, ಆಂಬುಲೆನ್ಸ್, ಆಸ್ಪತ್ರೆ ಎಲ್ಲ ಹೊಂದಿಕೊಂಡಿರೋ ಕಡೆಯ ಲೆಕ್ಕ” ಅಂತಲೂ ಸೇರಿಸಿದರು. ಅಮ್ಮ ಒಪ್ಪಿದರು ಅಂತ ಹೇಳಲಾರೆ. ಆದರೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತರು.

ಆಮೇಲೆ ಸೂಲಗಿತ್ತಿ ತಮ್ಮ ಚೀಲ ಬಿಚ್ಚಿದರು. ಮಗುವಿನ ಎದೆಬಡಿತ ಕೇಳುವ ಡಾಪ್ಲರ್, ಹೊಕ್ಕುಳಬಳ್ಳಿಗೆ ಹಾಕುವ ಕ್ಲಿಪ್, ಹೊಲಿಗೆ ಸಾಮಾನು, ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್. ಎಲ್ಲಕ್ಕಿಂತ ನನ್ನ ಕಣ್ಣು ನಿಂತಿದ್ದು ಅಂಗೈಯಷ್ಟೂ ಇಲ್ಲದ ಒಂದು ಮಾಸ್ಕಿನ ಮೇಲೆ. ಹುಟ್ಟಿದ ಮಗು ಉಸಿರಾಡದಿದ್ದರೆ ಅದನ್ನು ಮುಖಕ್ಕಿಟ್ಟು ಬ್ಯಾಗ್ ಒತ್ತಿ ಗಾಳಿ ಕೊಡುತ್ತಾರೆ. ಹೆರಿಗೆ ಹೊತ್ತಿಗೆ ಇನ್ನೊಬ್ಬ ಸೂಲಗಿತ್ತಿಯೂ ಯಾಕೆ ಇರಬೇಕು ಅಂತ ಆಗ ಅರ್ಥವಾಯಿತು. ಒಬ್ಬರು ನನ್ನನ್ನು ನೋಡಬೇಕು, ಒಬ್ಬರು ಮಗುವನ್ನು.

ನಮ್ಮವರಿಗೆ ಬೇರೆಯೇ ಪಾಠ. ನೀರು ಒಡೆದರೆ ಬಣ್ಣ ನೋಡಬೇಕು. ತಿಳಿಯಾಗಿದ್ದರೆ ಸರಿ. ಹಸಿರು ಇದ್ದರೆ ಮಗು ಒಳಗೇ ಕಕ್ಕ ಮಾಡಿದೆ ಅಂತ ಅರ್ಥ, ತಕ್ಷಣ ಫೋನ್ ಮಾಡಬೇಕು, ಆಸ್ಪತ್ರೆಗೆ ಹೊರಡಲು ಸಿದ್ಧವಿರಬೇಕು. ಮಗುವಿನ ಎದೆಬಡಿತ ನಿಮಿಷಕ್ಕೆ 110ಕ್ಕಿಂತ ಕೆಳಗೆ ಇಳಿದು ಇಲ್ಲವೇ 160ಕ್ಕಿಂತ ಮೇಲೆ ಹೋಗಿ ಹಾಗೇ ಉಳಿದರೂ ಹೊರಡೋದೇ. “ನಾನು ಹೋಗೋಣ ಅಂದಾಗ ಹೋಗೋಣ ಅಷ್ಟೇ. ಆಗ ಚರ್ಚೆ ಬೇಡ. ಚರ್ಚೆ ಏನಿದ್ರೂ ಇವತ್ತೇ ಮುಗಿಸಿ” ಅಂದರು. ಮಾತಿನಲ್ಲಿ ಗಡಸು ಇತ್ತು. ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂದಿದ್ದು ಆಗಲೇ. ಮನೆ ಹೆರಿಗೆಯನ್ನು ಹಠ ಮಾಡಿಕೊಂಡವರ ಕೈಗೆ ನಾನಂತೂ ನನ್ನನ್ನು ಒಪ್ಪಿಸುವುದಿಲ್ಲ.

ಕೋಣೆ ವಿಷಯ ಬೇಗ ಮುಗಿಯಿತು. ಹಾಸಿಗೆ ಮೇಲೆ ಪ್ಲಾಸ್ಟಿಕ್ ಹಾಳೆ, ಒಗೆದು ಒಣಗಿಸಿದ ಹಳೆ ಟವೆಲ್‌ಗಳು, ಕರೆಂಟ್ ಹೋದರೆ ಇರಲಿ ಅಂತ ಟಾರ್ಚ್. ಹಸಿಗೂಸಿಗೆ ಬೇಗ ಥಂಡಿ ಹತ್ತುತ್ತದೆ, ಹಾಗಾಗಿ ಕೋಣೆ 25 ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಫ್ಯಾನ್ ಬಂದ್. ಹುಟ್ಟಿದ ಕೂಡಲೇ ಒರೆಸಿ ನನ್ನ ಎದೆ ಮೇಲೆ ಹಾಕುತ್ತಾರೆ. ಬಳ್ಳಿ ಕತ್ತರಿಸಲು ಅವಸರವಿಲ್ಲ, ಒಂದರಿಂದ ಮೂರು ನಿಮಿಷ ಕಾಯುತ್ತಾರೆ. ಮಂದ ಬೆಳಕು, ಹಾಡು? “ನಿಮಗೆ ಬೇಕಾದ್ದು ಹಾಕ್ಕೊಳ್ಳಿ. ನನಗೆ ಮಾತ್ರ ಒಂದು ಒಳ್ಳೆ ಲೈಟ್ ಕೈಗೆ ಸಿಗೋ ಹಾಗೆ ಇಡಿ” ಅಂದರು. ಅಮ್ಮ ನಕ್ಕುಬಿಟ್ಟರು.

ಹೊರಡುವಾಗ ಇನ್ನೊಂದು ಷರತ್ತು ಹಾಕಿದರು. ಹಿಮೋಗ್ಲೋಬಿನ್ ಇನ್ನೊಮ್ಮೆ ನೋಡಿಸಬೇಕು. ರಕ್ತ ಕಡಿಮೆ ಇರುವವರಿಗೆ ಹೆರಿಗೆ ನಂತರದ ರಕ್ತಸ್ರಾವ ತಡೆದುಕೊಳ್ಳುವುದು ಕಷ್ಟ. ಇಳಿದಿದ್ದರೆ ಮನೆ ಹೆರಿಗೆಗೆ ತಾನು ಒಪ್ಪುವುದಿಲ್ಲ ಅಂದರು. ರಿಪೋರ್ಟ್ ಬರುವ ತನಕ ಒಳಗೊಳಗೇ ಪುಕಪುಕ. ಬಂತು, ಸರಿಯಾಗೇ ಇತ್ತು. ಫೋಟೋ ತೆಗೆದು ಅವರಿಗೆ ಕಳಿಸಿದೆ. “ಸಂತೋಷ. ಆಸ್ಪತ್ರೆ ಬ್ಯಾಗ್ ರೆಡಿ ಆಯ್ತಾ?” ಅಂತ ಉತ್ತರ ಬಂತು.