ಪೇರ್ ಅಬ್ಬಾತ್ 'ಬರೆದ' ಎಂದರೆ ಏನು?

ಮಧ್ಯಯುಗದ ಸ್ಪ್ಯಾನಿಷ್ ತರಗತಿಗೆ ಬರುವವರಿಗೆ ಇಂದಿನ ಸ್ಪ್ಯಾನಿಷ್ ಚೆನ್ನಾಗಿಯೇ ಬರುತ್ತದೆ. ತೊಡಕು ಅಲ್ಲೇ ಇರುವುದು. ಗುರುತಿನ ಪದ ಕಂಡರೆ ಯಾರೂ ನಿಘಂಟು ತೆರೆಯುವುದಿಲ್ಲ. ಅದಕ್ಕೇ ಮೊದಲ ದಿನ ಕವಿಪರಿಚಯ ಬಿಟ್ಟು, ಸಿದ್ ಎಂಬ ವೀರನ ಕಥೆ ಹೇಳುವ ಹಳೆಯ ಸ್ಪ್ಯಾನಿಷ್ ಕಾವ್ಯ 'ಕಾಂತಾರ್ ದೆ ಮಿಯೊ ಸಿದ್'ನ ಮುಕ್ತಾಯದ ಸಾಲುಗಳನ್ನು ಮುಂದಿಡಿ. ಉಳಿದಿರುವುದು ಒಂದೇ ಹಸ್ತಪ್ರತಿ, 74 ಹಾಳೆ, ಮ್ಯಾಡ್ರಿಡ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ; ಚಿತ್ರಗಳು ಅವರ ಜಾಲತಾಣದಲ್ಲೇ ಸಿಗುತ್ತವೆ.

ಪೇರ್ ಅಬ್ಬಾತ್ ಮೇ ತಿಂಗಳಲ್ಲಿ ಇದನ್ನು 'ಎಸ್ಕ್ರಿವಿಯೊ', ಅಂದರೆ 'ಬರೆದ', ವರ್ಷ 1245 ಎಂದು ಅಲ್ಲಿದೆ. ಕೂಡಲೇ ಎಲ್ಲರೂ ಅವನನ್ನು ಕವಿ ಮಾಡಿಬಿಡುತ್ತಾರೆ. ಇಂಥ ಕಡೆ ಆ ಕ್ರಿಯಾಪದಕ್ಕೆ 'ಪ್ರತಿ ಮಾಡಿದ' ಎಂಬ ಅರ್ಥವೇ ರೂಢಿ. ನಮ್ಮ ತಾಳೆಗರಿಗಳ ಕೊನೆಯಲ್ಲಿ 'ಬರೆದುದು' ಎಂದು ಲಿಪಿಕಾರ ಹೆಸರು ಹಾಕಿದ ಹಾಗೆ. ವರ್ಷವೂ ಕ್ರಿಸ್ತಶಕದ್ದಲ್ಲ, ಸ್ಪೇನಿನ 'ಎರಾ' ಲೆಕ್ಕದ್ದು. ಅಲ್ಲಿನ ಕ್ಯಾಸ್ಟೀಲ್ ರಾಜ್ಯ ಇದನ್ನು 1383ರಲ್ಲಿ ಕೈಬಿಟ್ಟಿತು. ಶಕವರ್ಷಕ್ಕೆ ನಾವು 78 ಕೂಡಿಸುತ್ತೇವೆ, ಇಲ್ಲಿ 38 ಕಳೆಯಬೇಕು: 1207. ಆದರೆ ಕೈಬರಹ 14ನೇ ಶತಮಾನದ್ದು! ಅಂದರೆ 1207ರ ಪ್ರತಿಯನ್ನು ನಕಲು ಮಾಡಿದವನು ಅದರ ಮುಕ್ತಾಯವಾಕ್ಯವನ್ನೂ ಹಾಗೇ ಇಳಿಸಿಕೊಂಡಿದ್ದಾನೆ ಎಂಬುದು ಹೆಚ್ಚಿನವರ ಅಭಿಪ್ರಾಯ. ರೋಮನ್ ಅಂಕಿಗಳ ನಡುವಿನ ಖಾಲಿ ಜಾಗವನ್ನೂ ಹಿಗ್ಗಿಸಿ ತೋರಿಸಿ. ಅಲ್ಲಿ ಇನ್ನೊಂದು 'ಸಿ' (ನೂರು) ಇತ್ತು, ಅಳಿಸಿದ್ದಾರೆ, ಎರಾ 1345, ಅಂದರೆ ಕ್ರಿಸ್ತಶಕ 1307 ಆಗಬೇಕು ಎಂಬ ಹಳೆಯ ವಾದ ಹುಟ್ಟಿದ್ದೇ ಆ ಜಾಗದಿಂದ. ಮಾಸಿದ ಅಕ್ಷರ ಎದ್ದು ಕಾಣಲೆಂದು ಹಿಂದಿನವರು ರಾಸಾಯನಿಕ ಬಳಿದು ಹಲವು ಹಾಳೆಗಳನ್ನು ಕಪ್ಪಾಗಿಸಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಲಿಪ್ಯಂತರಕ್ಕೆ ವಾರಕ್ಕೆ ಹತ್ತು ಸಾಲು ಸಾಕು. ಸ್ವರದ ಮೇಲಿನ ಗೆರೆ ಬಿಟ್ಟುಹೋದ 'ಎನ್' ಅಥವಾ 'ಎಮ್'. ಏಳರ ಅಂಕಿಯಂತೆ ಕಾಣುವುದು 'ಮತ್ತು'. ಇಂಥ ಸಂಕ್ಷೇಪಗಳನ್ನು ಬಿಡಿಸಿ ಬರೆದ ಅಕ್ಷರಗಳನ್ನು ಓರೆಯಾಗಿ ಬರೆಸಿ, ಇಲ್ಲವಾದರೆ ಯಾವುದು ಪ್ರತಿಯಲ್ಲಿತ್ತು, ಯಾವುದು ಊಹೆ ಎಂದು ತಿಂಗಳ ನಂತರ ಬರೆದವರಿಗೇ ತಿಳಿಯದು.

ಧ್ವನಿ ಬದಲಾವಣೆ ಕನ್ನಡಿಗರಿಗೆ ಸಲೀಸು. 'ಪಾಲ್' ಹಾಲಾದಂತೆ, 'ಫಬ್ಲಾರ್' ಎಂಬುದರ ಮೊದಲ 'ಎಫ್' ಹಕಾರವಾಗಿ, ಆಮೇಲೆ ಅದೂ ಉದುರಿ 'ಅಬ್ಲಾರ್' ಉಳಿಯಿತು. 'ಫ್ವೆಗೊ' (ಬೆಂಕಿ) ಮಾತ್ರ ಹಾಗೇ ಇದೆ, 'ವೆ' ಎದುರು 'ಎಫ್' ಗಟ್ಟಿ ನಿಂತಿತು. ಸ್ಪ್ಯಾನಿಷ್ ಭಾಷೆಯ ರಾಯಲ್ ಅಕಾಡೆಮಿಯ ಹಳೆಯ ಪಠ್ಯಗಳ ಸಂಗ್ರಹದಲ್ಲಿ (ಕಾರ್ಪಸ್) ಹುಡುಕುವಾಗ ಒಂದೇ ಕಾಗುಣಿತ ಕೊಟ್ಟರೆ ಅರ್ಧ ಉದಾಹರಣೆ ತಪ್ಪಿಹೋಗುತ್ತವೆ. 'ಎಫ್', 'ಹೆಚ್', 'ಝೆಡ್', 'ಸಿ' ಎಲ್ಲ ರೂಪಗಳನ್ನೂ ಹಾಕಿ. ಮೊದಲು 'ಕಾಸ್ತಿಗಾರ್' ಹುಡುಕಿಸಿ: ಇಂದು ಅದು 'ಶಿಕ್ಷಿಸು', ಸಿದ್ ಕಾವ್ಯದಲ್ಲಿ 'ಬುದ್ಧಿ ಹೇಳು'.