ಅಷ್ಟು ದೂರ ಹೋಗಿ ಅರ್ಧಕ್ಕೇ ಯಾಕೆ ಬಿಟ್ಟಿರಿ?

ನಾನು ಅಪಲೇಚಿಯನ್ ಟ್ರೇಲ್ ಅನ್ನುವ ಉದ್ದದ ಚಾರಣದ ದಾರಿಯಲ್ಲಿ ನಡೆದಿದ್ದೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು, ‘ಪೂರ್ತಿ ಮುಗಿಸಿದ್ರಾ?’ ಇಲ್ಲ ಅಂದರೆ ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತದೆ: ‘ಅಯ್ಯೋ, ಅಷ್ಟು ದೂರ ಹೋಗಿ ಅರ್ಧಕ್ಕೇ ಯಾಕೆ ಬಿಟ್ಟಿರಿ?’

‘ಕಾಲಿನ ಮೂಳೆ ಬಿರುಕು ಬಿಟ್ಟಿತ್ತು’ ಅನ್ನುತ್ತೇನೆ. ಅಲ್ಲಿಗೆ ಮಾತು ಮುಗಿಯುತ್ತದೆ. ಮೂಳೆಯ ಜೊತೆ ಯಾರೂ ವಾದಕ್ಕೆ ನಿಲ್ಲುವುದಿಲ್ಲ. ಹೇಳಿದ್ದು ಸುಳ್ಳೇನಲ್ಲ. ಆದರೆ ಅರ್ಧ ದಾರಿಯ ಹಾಗೆ ಅದೂ ಅರ್ಧ ಉತ್ತರ.

ಆ ದಾರಿ ಅಮೆರಿಕದ ಪೂರ್ವ ಭಾಗದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತದೆ. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ 14 ರಾಜ್ಯ, ಸುಮಾರು 3,500 ಕಿ.ಮೀ. ಒಂದೇ ಸಲಕ್ಕೆ ಮುಗಿಸುತ್ತೇನೆ ಅಂತ ಹೊರಡುವವರಲ್ಲಿ ನಾಲ್ಕಕ್ಕೆ ಒಬ್ಬರು ಕೊನೆ ಮುಟ್ಟಿದರೆ ಹೆಚ್ಚು. ನಾನು ಮಾರ್ಚ್ ಕೊನೆಯಲ್ಲಿ ಹೊರಟೆ. ಮೊದಲ ಎರಡು ತಿಂಗಳು ಹೇಗೆ ಕಳೆಯಿತೋ ಗೊತ್ತಾಗಲಿಲ್ಲ.

ಆಮೇಲೆ ವರ್ಜೀನಿಯಾ. ಅದೊಂದೇ ರಾಜ್ಯದಲ್ಲಿ ಹೆಚ್ಚುಕಮ್ಮಿ 880 ಕಿ.ಮೀ. ನಡೆಯಬೇಕು. ಎಷ್ಟು ದಿನ ನಡೆದರೂ ಅದೇ ರಾಜ್ಯ, ಅದೇ ಮರಗಳ ಸುರಂಗ. ಅಲ್ಲಿ ಹಿಡಿಯುವ ಬೇಸರಕ್ಕೆ ‘ವರ್ಜೀನಿಯಾ ಬ್ಲೂಸ್’ ಅಂತ ಹೆಸರೇ ಇದೆ. ನನ್ನ ಕಾಲು ನೋವು ಶುರುವಾದದ್ದೂ ಅಲ್ಲೇ, ಶೆನಾಂಡೋವಾ ಕಾಡಿನಲ್ಲಿ.

ನೋವಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಗುರುತಿಸಲು ನನಗೆ ಹತ್ತು ದಿನ ಬೇಕಾಯಿತು. ದಿನಾ ನಡೆಯುವವರಿಗೆ ನೋವು ಇದ್ದೇ ಇರುತ್ತದೆ. ಸ್ನಾಯುವಿನ ನೋವಾದರೆ ಬೆಳಗ್ಗೆ ಎದ್ದಾಗ ಜಾಸ್ತಿ, ಒಂದು ಗಂಟೆ ನಡೆದರೆ ಸಡಿಲವಾಗುತ್ತದೆ. ಎಲ್ಲಿ ನೋವು ಅಂತ ಕೇಳಿದರೆ ಅಂಗೈಯಿಂದ ಇಡೀ ಕಾಲು ಸವರಿ ತೋರಿಸುತ್ತೇವೆ. ನನ್ನದು ಹಾಗಿರಲಿಲ್ಲ. ಮೊಣಕಾಲಿನಿಂದ ಒಂದು ಗೇಣು ಕೆಳಗೆ, ಮುಂದಿನ ಮೂಳೆಯ ಮೇಲೆ, ನಾಣ್ಯದಷ್ಟು ಜಾಗ. ಒಂದೇ ಬೆರಳಲ್ಲಿ ಒತ್ತಿ ತೋರಿಸಬಹುದಿತ್ತು. ನಡೆದಷ್ಟೂ ಏರುತ್ತಿತ್ತು. ಕೊನೆಕೊನೆಗೆ ರಾತ್ರಿ ಸುಮ್ನೆ ಮಲಗಿದ್ದರೂ ಆ ಜಾಗ ಮಿಡಿಯುತ್ತಿತ್ತು. ಅಂಥ ನೋವಿಗೆ ಮಾತ್ರೆ ನುಂಗಿ ನಡೆಯಬೇಡಿ. ಕೂದಲೆಳೆಯಷ್ಟಿದ್ದ ಬಿರುಕು ಪೂರ್ತಿ ಮುರಿತವಾಗಬಹುದು. ನಾನು ನುಂಗಿದೆ, ನಡೆದೆ.

ಜುಲೈ ಮೊದಲ ವಾರ ಕುಂಟುತ್ತಾ ಹಾರ್ಪರ್ಸ್ ಫೆರ್ರಿ ಸೇರಿದೆ. ಸುಮಾರು 1,650 ಕಿ.ಮೀ. ಆಗಿತ್ತು. ಟ್ರೇಲ್ ನೋಡಿಕೊಳ್ಳುವ ಸಂಸ್ಥೆಯ ಕಚೇರಿ ಇರುವುದು ಆ ಊರಲ್ಲೇ. ಪೂರ್ತಿ ನಡೆಯಲು ಹೊರಟವರ ಫೋಟೋ ತೆಗೆದು ಆಲ್ಬಮ್‌ಗೆ ಸೇರಿಸುತ್ತಾರೆ. ನಾನೂ ನಿಂತೆ. ಭಾರ ಪೂರ್ತಿ ಬಲಗಾಲಿನ ಮೇಲೆ. ಮರುದಿನ ವೈದ್ಯರ ಹತ್ತಿರ ಹೋದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಶುರುವಿನಲ್ಲಿ ಇಂಥ ಬಿರುಕು ಎಕ್ಸ್‌ರೇಗೆ ಸಿಗದಿರುವುದು ಮಾಮೂಲಿಯಂತೆ. ಎಂಆರ್‌ಐಯಲ್ಲಿ ಸಿಕ್ಕಿತು. ಆರರಿಂದ ಎಂಟು ವಾರ ನಡೆಯುವ ಹಾಗಿಲ್ಲ ಅಂದರು.

ಅಲ್ಲೇ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. ಎಂಟು ವಾರ ಅಂದರೆ ಆಗಸ್ಟ್ ಕೊನೆ. ಚಳಿ, ಹಿಮದ ಕಾರಣಕ್ಕೆ ಕಟಾಡಿನ್ ಅನ್ನು ಅಕ್ಟೋಬರ್ ಮಧ್ಯದೊಳಗೆ ಹತ್ತಿ ಮುಗಿಸಬೇಕು. ಉಳಿದದ್ದು 45 ದಿನ, 1,870 ಕಿ.ಮೀ. ಅಂದರೆ ದಿನಕ್ಕೆ 41 ಕಿ.ಮೀ.ಗಿಂತ ಜಾಸ್ತಿ. ಕಾಲು ಗಟ್ಟಿ ಇದ್ದಾಗಲೇ ನಾನು 30 ದಾಟಿದವನಲ್ಲ. ಮುಗೀತು, ಲೆಕ್ಕವೇ ತೀರ್ಮಾನ ಮಾಡಿಬಿಟ್ಟಿತು ಅಂದುಕೊಂಡೆ. ಎಷ್ಟೋ ದಿನಗಳ ನಂತರ ಹಗುರ ಅನ್ನಿಸಿತು.

ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಚಾರಣಿಗ ನಾನು ಲೆಕ್ಕ ಬರೆದಿದ್ದ ಚೀಟಿ ನೋಡಿ, ‘ಇದೇನು ಮಹಾ, ಸೆಪ್ಟೆಂಬರ್‌ನಲ್ಲಿ ನೇರ ಕಟಾಡಿನ್‌ಗೆ ಹೋಗಿ ಅಲ್ಲಿಂದ ದಕ್ಷಿಣಕ್ಕೆ ಇಲ್ಲಿಯವರೆಗೆ ನಡೆದುಕೊಂಡು ಬಾ’ ಅಂದ. ಹಾಗೆ ತಿರುಗಿಸಿ ನಡೆಯುವವರು ಎಷ್ಟೋ ಜನ ಇದ್ದಾರೆ. ದಿನಕ್ಕೆ 22 ಕಿ.ಮೀ. ಹಾಕಿದರೂ ನವೆಂಬರ್ ಕೊನೆಗೆ ಇದೇ ಬೆಂಚಿಗೆ ಬಂದು ಕೂರಬಹುದಿತ್ತು.

ನನಗೆ ಖುಷಿಯಾಗಬೇಕಿತ್ತು, ಅಲ್ವಾ? ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಛೇ, ಇದಕ್ಕೂ ಒಂದು ದಾರಿ ಇದೆಯಾ ಅನ್ನಿಸಿತು. ನಾನು ಕುಂಟುತ್ತಿದ್ದದ್ದು ನಿಜ. ಆದರೂ ಆ ಕಾಲು ಆ ಕ್ಷಣದಲ್ಲಿ ಕುಂಟು ನೆಪವೇ ಆಗಿಹೋಯಿತು.

ಆಮೇಲೆ ಯೋಚಿಸಿದಾಗ ಕರಡಿ ನೆನಪಾಯಿತು. ಶೆನಾಂಡೋವಾದಲ್ಲಿ ಒಂದು ಬೆಳಗ್ಗೆ ಕರಡಿಯೊಂದು ಎರಡು ಮರಿ ಕಟ್ಟಿಕೊಂಡು ದಾರಿಗೆ ಅಡ್ಡ ಬಂತು. ಒಂದು ಮರಿ ಬಿದ್ದ ಮರದ ಮೇಲೆ ಹತ್ತುವುದು, ಜಾರುವುದು, ಮತ್ತೆ ಹತ್ತುವುದು. ಅವು ಹೋಗುವವರೆಗೂ ದೂರದಲ್ಲಿ ನಿಂತಿದ್ದೆ. ಆಗ ನನ್ನ ತಲೆಯಲ್ಲಿ ಓಡಿದ್ದು ಒಂದೇ: ಹತ್ತು ನಿಮಿಷ ದಂಡವಾಯಿತು. ಮೂರು ವಾರದಿಂದ ನಾನು ದಾರಿ ತೋರಿಸಲು ಮರಗಳ ಮೇಲೆ ಬಳಿದ ಬಿಳಿ ಪಟ್ಟಿ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಕಾಲು ನೋವಿಗೂ ಮೊದಲೇ ಅದು ಶುರುವಾಗಿತ್ತು.

‘ನಾನೂ ನಿಲ್ಲಿಸಲಾ?’ ಅಂತ ದಾರಿ ಮಧ್ಯದಿಂದ ಮೆಸೇಜ್ ಹಾಕುವವರಿದ್ದಾರೆ. ಮಳೆಯಲ್ಲಿ ನೆಂದ ದಿನ ನಿರ್ಧಾರ ಮಾಡಬೇಡ ಅನ್ನುವುದು ಚಾರಣಿಗರ ಹಳೆಯ ಮಾತು, ಅದು ಸರಿ. ಒಣಗಿದ ಬಟ್ಟೆ ಹಾಕಿಕೊಂಡು ಎರಡು ದಿನ ಚೆನ್ನಾಗಿ ತಿಂದು ಮಲಗಿ. ಆಮೇಲೆ ಕೇಳಿಕೊಳ್ಳಿ: ನೋವು ನಾಳೆ ಬೆಳಗ್ಗೆಗೆ ಮಾಯವಾದರೆ ಹೊರಡುತ್ತೀನಾ? ನಾನು ಕೇಳಿಕೊಂಡೆ, ನಾಲ್ಕನೇ ದಿನ. ಬಿಸಿಲಿತ್ತು, ಹೊಟ್ಟೆ ತುಂಬಿತ್ತು. ಇಲ್ಲ ಅಂತಲೇ ಉತ್ತರ ಬಂತು. ಆ ಸಂಜೆ ಟಿಕೆಟ್ ಬುಕ್ ಮಾಡಿದೆ.

ಬಿರುಕು ಸೆಪ್ಟೆಂಬರ್‌ಗೆ ಕೂಡಿಕೊಂಡಿತು. ಈಗ ಯಾರಾದರೂ ಕೇಳಿದರೆ, ಪುರುಸೊತ್ತಿದ್ದರೆ ಕರಡಿ ಕಥೆ ಹೇಳುತ್ತೇನೆ. ಇಲ್ಲದಿದ್ದರೆ ಮೂಳೆ ಅಂತಲೇ ಹೇಳಿ ಮುಗಿಸುತ್ತೇನೆ.