ಬಾಗಿಲು ಬೇಗ ತೆರೆಯದಿರಲಿ

ನನ್ನ ತಂಗಿಗೆ ಈಗ 35. ಗರ್ಭಕೋಶದ ಬಾಯಿ ಕ್ಯಾನ್ಸರ್ ಬಂದಾಗ 32. ಹುಬ್ಬಳ್ಳಿಯಲ್ಲಿ ಕರೆಂಟ್ ಕೊಡಿಸಿದೆವು (ಗದಗ ಕಡೆ ರೇಡಿಯೇಶನ್ನಿಗೆ ಹಾಗೇ ಅನ್ನೋದು), ಕೀಮೋ ಆಯಿತು, ಸ್ಕ್ಯಾನ್ ಚೆನ್ನಾಗಿ ಬಂತು ಅಂತ ಧಾರವಾಡ ಪೇಢೆ ಹಂಚಿದ್ದೂ ಆಯಿತು. 14 ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಗಡ್ಡೆ.

ಪೂರ್ತಿ ಕರೆಂಟ್ ತಿಂದ ಜಾಗಕ್ಕೆ ಮತ್ತೆ ಅಷ್ಟೇ ಕೊಡೋಕೆ ಆಗಲ್ಲ. ಉಳಿದದ್ದು ಒಂದು ದೊಡ್ಡ ಆಪರೇಶನ್, ಪೆಲ್ವಿಕ್ ಎಕ್ಸೆಂಟರೇಶನ್. ಗರ್ಭಕೋಶ, ಯೋನಿ, ಮೂತ್ರಚೀಲ, ಗುದನಾಳ, ಇವುಗಳಲ್ಲಿ ಗಡ್ಡೆ ಯಾವುದಕ್ಕೆಲ್ಲ ಹತ್ತಿದೆಯೋ ಅವನ್ನೆಲ್ಲ ಒಟ್ಟಿಗೇ ತೆಗೆಯುತ್ತಾರೆ. ಅವಳದ್ದು ಎಲ್ಲವೂ. ಅಂದರೆ ಹೊಟ್ಟೆಯ ಮೇಲೆ ಹೊರಗೆ ಅಂಟಿಸುವ ಎರಡು ಚೀಲ, ಎಡಕ್ಕೆ ಮಲದ್ದು, ಬಲಕ್ಕೆ ಮೂತ್ರದ್ದು, ಇರೋವರೆಗೂ.

ಮನೆಯಲ್ಲಿ ಸಭೆಯೇ ಕೂಡಿತು. "ಇಷ್ಟ ಸಣ್ಣ ವಯಸ್ಸಿಗೆ ಎಲ್ಲಾ ತಗಸಿದ್ರ ಹೆಂಗವಾ, ಇನ್ನೊಂದು ಕೂಸು ಬ್ಯಾಡೇನು?" ಅಂದರು ಕಾಕಾ. ಕೂಸಿನ ಮಾತು ಕರೆಂಟ್ ಕೊಟ್ಟಾಗಲೇ ಮುಗಿದಿತ್ತು. ಅಂಡಾಶಯ ಕೆಲಸ ನಿಲ್ಲಿಸಿ, ಮುಟ್ಟು ನಿಂತು, ಚಳಿಗಾಲದಲ್ಲೂ ಫ್ಯಾನ್ ಕೆಳಗೆ ಬೆವರುತ್ತಾ ಕೂಡುತ್ತಿದ್ದಳು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಭೆಯಲ್ಲಿ ಅವಳನ್ನೂ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಡಾಕ್ಟರು ನೋಡೋದೇ ಬೇರೆ. ಗಡ್ಡೆ ನಡುವೆ ಇದೆಯೋ, ಸೊಂಟದ ಪಕ್ಕದ ಗೋಡೆಗೆ ಹತ್ತಿದೆಯೋ? ಒಂದು ಕಾಲು ಬಾತು, ಅದೇ ಕಾಲಿನ ಹಿಂದೆ ನರ ಜಗ್ಗಿದಂಥ ನೋವಿದ್ದು, ಆ ಕಡೆಯ ಕಿಡ್ನಿಯೂ ಊದಿದ್ದರೆ ಸಾಮಾನ್ಯವಾಗಿ ಕೈ ಹಾಕಲ್ಲ. ಪೆಟ್ ಸ್ಕ್ಯಾನಿನಲ್ಲಿ ದೂರ ಎಲ್ಲಾದರೂ ಹರಡಿದ್ದು ಕಂಡರೂ ಅಷ್ಟೇ. ಅವಳದ್ದು ನಡುವೆಯೇ ಇತ್ತು.

1948ರಲ್ಲಿ ನ್ಯೂಯಾರ್ಕಿನ ಅಲೆಕ್ಸಾಂಡರ್ ಬ್ರನ್‌ಶ್ವಿಗ್ ಈ ಆಪರೇಶನ್ ಬಗ್ಗೆ ಮೊದಲು ಬರೆದಾಗ 22 ಜನರಲ್ಲಿ 5 ಜನ ಆಪರೇಶನ್ನಿನಿಂದಲೇ ತೀರಿಕೊಂಡಿದ್ದರು. ಅದನ್ನು ರಾತ್ರಿ ಮೊಬೈಲಿನಲ್ಲಿ ಓದಿ ನಾನು ಸುಮ್ನೆ ನಿದ್ದೆ ಕೆಡಿಸಿಕೊಂಡೆ. ಈಗ ಆ ಅಪಾಯ ಎಷ್ಟೋ ಕಡಿಮೆ. ಆದರೆ ಸೋಂಕು, ಹೊಲಿಗೆ ಸೋರೋದು ಇವೆಲ್ಲ ಈಗಲೂ ಜಾಸ್ತಿಯೇ. ಅಂಚಿನಲ್ಲಿ ಏನೂ ಉಳಿಯದಂತೆ ಗಡ್ಡೆ ಪೂರ್ತಿ ತೆಗೆದರೂ ಮತ್ತೆ ಬರಲ್ಲ ಅಂತ ಖಾತ್ರಿಯಾಗಿ ಯಾರೂ ಹೇಳಲ್ಲ.

ಕೊನೆಗೆ ಅವಳೇ ಹೇಳಿದಳು. "ಅಕ್ಕಾ, ಚೀಲ ಕಟ್ಟಿಗೊಂಡು ಬಸ್‌ನ್ಯಾಗ ಹೋಗಾಕ ಬರತೈತಿ ಇಲ್ಲೋ, ಅಷ್ಟ ಕೇಳು. ಬರತೈತಿ ಅಂದ್ರ ಮಾಡಸೂಣು."

ಆಪರೇಶನ್ನಿನ ಹಿಂದಿನ ದಿನ ನರ್ಸ್ ಒಬ್ಬರು ಪೆನ್ ಹಿಡಿದು ಬಂದರು. ನಿಲ್ಲಿಸಿದರು, ಕೂಡಿಸಿದರು, ಬಗ್ಗಿಸಿದರು. ಸೀರೆ ಉಡ್ತೀರಾ, ಚೂಡಿದಾರಾ ಅಂತ ಕೇಳಿ, ಲಾಡಿ ಕಟ್ಟಿಸಿ ನೋಡಿ, ಲಾಡಿಗೂ ಸಿಗದ, ಹೊಟ್ಟೆಯ ಮಡಿಕೆಗೂ ಸಿಗದ ಎರಡು ಜಾಗ ಹುಡುಕಿ ಗುರುತು ಹಾಕಿದರು. ಅವಳೇ ಬಗ್ಗಿ ನೋಡಿದರೆ ಕಾಣಬೇಕಂತೆ, ಇಲ್ಲಾಂದ್ರೆ ಚೀಲ ಬದಲಿಸೋದು ಹೇಗೆ? ಇಷ್ಟು ತಿಂಗಳಲ್ಲಿ ಅವಳು ಮುಂದೆ ಬದುಕೋದನ್ನ ಹಿಡಿದು ಯಾರೋ ಲೆಕ್ಕ ಹಾಕಿದ್ದು ಅವತ್ತೇ ಮೊದಲು ನೋಡಿದೆ.

ಹೊಟ್ಟೆ ತೆರೆದಾಗ ಹರಡಿದ್ದು ಕಂಡರೆ ಹಾಗೇ ಹೊಲಿದು ಕಳಿಸುತ್ತೇವೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಹಾಗಾಗಿ ನಮ್ಮ ಕಾಯುವಿಕೆ ಉಳಿದವರದ್ದಕ್ಕಿಂತ ಉಲ್ಟಾ. ಪಕ್ಕದಲ್ಲಿ ಕೂತವರು ಆಪರೇಶನ್ ಥಿಯೇಟರಿನ ಬಾಗಿಲು ತೆರೆದಾಗೊಮ್ಮೆ ಆಸೆಯಿಂದ ಎದ್ದು ನಿಲ್ಲುತ್ತಿದ್ದರೆ ನಾನು ಅವ್ವನ ಕೈ ಹಿಡಿದುಕೊಂಡು, ನಮ್ಮ ಹೆಸರು ಕೂಗಬಾರದು ಅಂತ ಸಿದ್ಧಾರೂಢ ಅಜ್ಜನಿಗೆ ಬೇಡುತ್ತಿದ್ದೆ. ಒಂದು ತಾಸು ಆಯಿತು, ಎರಡಾಯಿತು, ಯಾರೂ ಕರೆಯಲಿಲ್ಲ. ಮೂರಾದ ಮೇಲೆ ಅವ್ವ ಚಹಾ ಬೇಕು ಅಂದಳು. ಕರೆದದ್ದು ಹತ್ತನೇ ತಾಸಿಗೆ.

ಒಂದೂವರೆ ವರ್ಷ ಆಯಿತು. ಈಗ ಬಸ್ ಹತ್ತುವ ಮುಂಚೆ ಚೀಲ ಖಾಲಿ ಮಾಡಿ ಒಬ್ಬಳೇ ಹುಬ್ಬಳ್ಳಿಗೆ ಬರುತ್ತಾಳೆ. ಪ್ರತಿ ಸ್ಕ್ಯಾನಿಗೂ ನನಗೆ ಹೊಟ್ಟೆ ಕಿವುಚುತ್ತೆ, ಅವಳಿಗೂ ಇರುತ್ತೆ, ಹೇಳಲ್ಲ. ಹಸಿ ಉಳ್ಳಾಗಡ್ಡಿ ತಿಂದರೆ ಚೀಲ ಗಾಳಿ ತುಂಬಿ ಉಬ್ಬುತ್ತೆ ಅಂತ ಮನೆಯಿಂದ ಹೊರಗೆ ಹೋಗುವ ದಿನ ಮುಟ್ಟಲ್ಲ. ಮೊನ್ನೆ ರೊಟ್ಟಿ ಬಡಿಸುವಾಗ ನಾನೇ ಅವಳ ತಾಟಿಗೆ ಬಿಟ್ಟು ಉಳಿದವರಿಗೆ ಉಳ್ಳಾಗಡ್ಡಿ ಹಾಕಿದೆ.

"ನಾಳೆ ಎಲ್ಲೂ ಹೋಗೂದಿಲ್ಲ ಅಕ್ಕಾ," ಅಂದಳು, "ಹಾಕು."